ಉಪ್ಪಿಗೆಂತ ರಜೆ?

ಏಪ್ರಿಲ್ ಎರಡನೇ ವಾರ ನಮ್ಮ ಕಡೆ ಶಾಲೆಗಳಿಗೆ ರಜೆ ಬೀಳುತ್ತದೆ. ಅದೇ ಹೊತ್ತಿಗೆ ಕುಮಟಾ ತಾಲೂಕಿನ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲು ಏರಿ, ಕಟ್ಟಿ ನಿಲ್ಲಿಸಿದ ಸಮುದ್ರದ ನೀರು ಬೆಳ್ಳಗೆ ಹರಳುಗಟ್ಟುತ್ತದೆ. ಜನವರಿ ಸುಮಾರಿಗೆ ಸುರುವಾದ ಉಪ್ಪಿನ ಕೆಲಸಕ್ಕೆ ಏಪ್ರಿಲ್-ಮೇ ಅಂದರೆ ಸುಗ್ಗಿ. ಮೊದಲ ಮಳೆ ಬೀಳುವುದರೊಳಗೆ ಕೆರೆದು, ರಾಶಿ ಹಾಕಿ, ಬುಟ್ಟಿಯಲ್ಲಿ ಹೊತ್ತು ಮುಗಿಸಬೇಕು.

ನಾನು ಐದನೇ ಕ್ಲಾಸು ಪಾಸಾದ ಬೇಸಿಗೆ. ರಜೆಯಲ್ಲಿ ಓದಲಿಕ್ಕೆ ಅಂತ ಮಾಸ್ತರು ಒಂದು ಕತೆ ಪುಸ್ತಕ ಕೊಟ್ಟಿದ್ದರು. ಬೆಳಿಗ್ಗೆ ಹೊಸ್ತಿಲ ಮೇಲೆ ಅದನ್ನು ಬಿಡಿಸಿಕೊಂಡು ಕೂತಿದ್ದೆ. ಅಜ್ಜಿ ತಲೆಯ ಮೇಲಿಡುವ ಸಿಂಬೆ ಸುತ್ತುತ್ತ ನನ್ನ ಕಡೆ ನೋಡಿದಳು.

"ಏಳಾ ಮಗಾ, ಹೊತ್ತಾತು."

"ರಜೆ ಅಲ್ವನೇ ಅಜ್ಜೀ, ಓದ್ತೆ."

"ರಜೆ ನಿನ್ನ ಶಾಲೆಗೆ. ಉಪ್ಪಿಗೆಂತ ರಜೆ?"

ಪುಸ್ತಕ ಮಾಡಿನ ಸಂದಿಗೆ ಹೋಯಿತು. ಜೂನಿನಲ್ಲಿ ತೆಗೆದು ನೋಡಿದರೆ ಅರ್ಧ ಗೆದ್ದಲಿನ ಪಾಲು. ಮಾಸ್ತರಿಗೆ ಏನು ಹೇಳಿದೆ ಅನ್ನುವುದು ಈಗ ನೆನಪಿಲ್ಲ. ಅಜ್ಜಿಯ ಮಾತು ಮಾತ್ರ ನೆನಪಿದೆ. ಅದು ಬೈಗುಳವಾಗಿರಲಿಲ್ಲ. ಓದಿನ ಮೇಲೆ ಅವಳಿಗೆ ಹಗೆಯೂ ಇರಲಿಲ್ಲ. ಅದು ಅವಳ ಕ್ಯಾಲೆಂಡರು. ಸರಕಾರದ ಕ್ಯಾಲೆಂಡರಿಗೂ ಅವಳ ಕ್ಯಾಲೆಂಡರಿಗೂ ತಾಳೆಯಾಗಲಿಲ್ಲ, ಅಷ್ಟೇ.

ಈಚಿನ ವರ್ಷಗಳಲ್ಲಿ ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ಬೇಸಿಗೆ ಶಿಬಿರ ನಡೆಯುತ್ತಿವೆ. ಕತೆ ಓದುವುದು, ಚಿತ್ರ ಬರೆಯುವುದು, ಗಟ್ಟಿಯಾಗಿ ಓದುವುದು, ಆಟ, ಹಾಡು. ಒಳ್ಳೆಯ ಕೆಲಸ. ಇದನ್ನು ಹೀಗಳೆಯುವುದಕ್ಕೆ ನಾನು ಈ ಲೇಖನ ಬರೆಯುತ್ತಿಲ್ಲ. ಆದರೆ ಶಿಬಿರ ಮುಗಿದ ಮೇಲೆ ಒಂದು ಮಾತು ಕೇಳಿಬರುತ್ತದೆ: "ಕೇರಿ ಮಕ್ಕಳು ಬರೂದೇ ಇಲ್ಲ ಮಾರಾಯ್ರೆ, ಅವಕ್ಕೆ ಆಸಕ್ತಿನೇ ಇಲ್ಲ." ಗೆಳೆಯರೇ, ಆ ಮಾತಿಗೆ ಉತ್ತರ ಮಕ್ಕಳ ಮನಸ್ಸಿನಲ್ಲಿಲ್ಲ, ಚರಿತ್ರೆಯಲ್ಲಿದೆ. ಬೇಸಿಗೆ ಯಾರದ್ದು? ಗ್ರಂಥಾಲಯದ ಬಾಗಿಲು ಯಾರಿಗೆ, ಯಾವಾಗ, ಎಷ್ಟು ತೆರೆಯಿತು? ಮೊದಲು ಇದನ್ನು ಕೇಳೋಣ.

1

ಒಂದು ಬೇಸಿಗೆ ರಜೆಯ ಕತೆಯಿಂದ ಸುರು ಮಾಡುತ್ತೇನೆ. ಇಸವಿ 1901. ಸಾತಾರಾದಲ್ಲಿದ್ದ ಒಬ್ಬ ಹುಡುಗನಿಗೆ ದೂರದ ಗೋರೆಗಾಂವಿನಲ್ಲಿ ನೌಕರಿಯಲ್ಲಿದ್ದ ತಂದೆಯಿಂದ ಕಾಗದ ಬಂತು: ರಜೆಗೆ ಇಲ್ಲಿಗೆ ಬನ್ನಿ. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಹುಡುಗ ಹೊಸ ಅಂಗಿ ತೊಟ್ಟು ರೈಲು ಹತ್ತಿದ. ಮಸೂರು ಸ್ಟೇಶನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಶನ್ ಮಾಸ್ತರ ಕನಿಕರದಿಂದಲೇ ವಿಚಾರಿಸಿದ. ಮಹಾರರು ಅಂತ ಗೊತ್ತಾದ ಕೂಡಲೇ ಅವನ ಮುಖ ಬದಲಾಯಿತು. ಒಬ್ಬ ಗಾಡಿಯವನೂ ಅವರನ್ನು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ಅವನು ನಡೆದು ಬರುತ್ತಾನೆ ಅನ್ನುವ ಶರತ್ತಿನ ಮೇಲೆ. ಗಾಡಿಯಲ್ಲಿ ಬುತ್ತಿ ಇತ್ತು. ಕುಡಿಯಲು ನೀರಿರಲಿಲ್ಲ.

ಆ ಹುಡುಗ ಭೀಮರಾವ್ ಅಂಬೇಡ್ಕರ್. ಮುಂದೆ ಅವರು ಬರೆದ ಆತ್ಮಕತೆಯ ತುಣುಕುಗಳಲ್ಲಿ ಮೊದಲು ಬರುವುದು ಇದೇ ರಜೆ. ಉಳ್ಳವರ ಮಕ್ಕಳಿಗೆ ರಜೆ ಅಂದರೆ ಅಜ್ಜನ ಮನೆ, ಮಾವಿನ ಹಣ್ಣು. ನಮ್ಮವರ ರಜೆಯ ಮೊದಲ ಪಾಠವೇ ಬೇರೆ. ಶಾಲೆಯೊಳಗೆ ಕಲಿಯದೆ ಉಳಿದ ಜಾತಿಯ ಪಾಠವನ್ನು ರಜೆ ಕಲಿಸಿ ಮುಗಿಸುತ್ತದೆ.

ಇನ್ನೊಂದು ಬೇಸಿಗೆ ನಮ್ಮ ಜಿಲ್ಲೆಯದೇ. 1930ರ ಏಪ್ರಿಲ್ 13. ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆಯೇ ಎದೆಗೂಡು. ಆ ಜನರ ತ್ಯಾಗ ಸಣ್ಣದಲ್ಲ, ಹೊಲ ಮನೆ ಕಳೆದುಕೊಂಡವರಿದ್ದಾರೆ. ಅವರಿಗೆ ನಮಸ್ಕಾರ. ಆದರೆ ನಾನು ಶಾಲೆಯಲ್ಲಿ ಓದಿದ ಆ ಪಾಠದಲ್ಲಿ ಉಪ್ಪು ಮಾಡಿದವರ ಹೆಸರಿತ್ತು, ಒಂದು ದಿನ ಮಾಡಿದವರದ್ದು. ತಲೆಮಾರುಗಟ್ಟಲೆ ಮಾಡುತ್ತ ಬಂದ ಆಗೇರರ ಹೆಸರು ಒಂದು ಸಾಲಿನಲ್ಲೂ ಇರಲಿಲ್ಲ. ಆಗರದಲ್ಲಿ ದುಡಿದು ಜಾತಿಯ ಹೆಸರನ್ನೇ ಆಗರದಿಂದ ಪಡೆದವರು ಉಪ್ಪಿನ ಚರಿತ್ರೆಯಲ್ಲಿಲ್ಲ. ಅಂಥ ಪುಸ್ತಕವನ್ನು ಕೇರಿಯ ಹುಡುಗಿಯೊಬ್ಬಳು ಆಸಕ್ತಿಯಿಂದ ಓದಬೇಕು ಅಂತ ನಾವು ಬಯಸುತ್ತೇವೆ!

2

ಈಗ ಗ್ರಂಥಾಲಯದ ಬಾಗಿಲಿಗೆ ಬರೋಣ. ಆ ಬಾಗಿಲಿಗೆ ಮೂರು ಬೀಗ ಇದ್ದವು. ಮೊದಲನೆಯದು ಜಾತಿಯ ಬೀಗ.

ಗ್ರಂಥಾಲಯಕ್ಕಿಂತ ಮೊದಲು ಶಾಲೆಯ ಬಾಗಿಲು. 1856ರ ಜೂನಿನಲ್ಲಿ ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಸೇರಿಸಿಕೊಳ್ಳಿ ಅಂತ ಕೇಳಿದ. ಆಗಲಿಲ್ಲ. ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಡುವಂತೆ ಆಗಬಾರದು ಅನ್ನುವ ಧಾಟಿಯಲ್ಲಿ ಸರಕಾರ ಕೈತೊಳೆದುಕೊಂಡಿತು. 1928ರಲ್ಲಿ ಸೈಮನ್ ಆಯೋಗದ ಮುಂದೆ ಮುಂಬಯಿ ಇಲಾಖೆಯ ಅಸ್ಪೃಶ್ಯರ ಶಿಕ್ಷಣದ ಸ್ಥಿತಿ ಇಟ್ಟಾಗ ಅಂಬೇಡ್ಕರ್ ಈ ಹುಡುಗನ ಪ್ರಕರಣವನ್ನು ಎತ್ತಿ ತೋರಿಸಿದರು. ಧಾರವಾಡದ ಆ ಹುಡುಗ ಕನ್ನಡ ನಾಡಿನ ಶಾಲೆಯ ಬಾಗಿಲು ಬಡಿದ ನಮ್ಮ ಪೂರ್ವಜ. ಪಠ್ಯಪುಸ್ತಕ ಅವನನ್ನು ನಮಗೆ ಹೇಳಿಕೊಟ್ಟಿಲ್ಲ.

ಆಗ ನಮ್ಮ ಉತ್ತರ ಕನ್ನಡ ಮದ್ರಾಸ್ ಇಲಾಖೆಯಲ್ಲಿತ್ತು. 1862ರಲ್ಲಿ ಅದನ್ನು ಮುಂಬಯಿಗೆ ಸೇರಿಸಿದರು. ಅದೇ ಕಾಲ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು. ಕರಿಯ ಗುಲಾಮರು ಬೆಳೆದ ಹತ್ತಿ ವಿಲಾಯತಿಗೆ ಬರುವುದು ನಿಂತಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂತು. ವ್ಯಾಪಾರದವರ ಬಾಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿ ಅಂತಲೇ ಹೆಸರಾಯಿತು. ಪೇಟೆ ಬೆಳೆಯಿತು. ಬರಬರುತ್ತ ಹೈಸ್ಕೂಲು ಬಂತು, ಛಾಪಖಾನೆ ಬಂತು, ಪತ್ರಿಕೆ ಬಂತು, ವಾಚನಾಲಯ ಬಂತು. ಮೂಟೆ ಹೊತ್ತ ಬೆನ್ನುಗಳಿಗೆ ಇವು ಯಾವುವೂ ಬರಲಿಲ್ಲ.

1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಅವರ ಠರಾವು ಪಾಸಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕೋರ್ಟು, ಕಚೇರಿ, ದವಾಖಾನೆ, ಇವೆಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಇದು ಕುಮಟೆಗೂ ಅನ್ವಯವಾಗುವ ಠರಾವು. ಮಹಾಡದಲ್ಲಿ 1927ರ ಮಾರ್ಚ್ 20ರ ಬಿಸಿಲಿನಲ್ಲಿ ಅಂಬೇಡ್ಕರ್ ಕೆರೆಯ ನೀರು ಮುಟ್ಟಿದ್ದು ಇದೇ ಕಾಗದದ ಹಕ್ಕನ್ನು ನಿಜ ಮಾಡಲಿಕ್ಕೆ. ಆದರೆ ಠರಾವಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬಾವಿ ಇದೆ, ಶಾಲೆ ಇದೆ, ದವಾಖಾನೆ ಇದೆ. ಗ್ರಂಥಾಲಯದ ಹೆಸರಿಲ್ಲ. ಅಸ್ಪೃಶ್ಯನಿಗೆ ಬಾಯಾರಿಕೆ ಆಗುತ್ತದೆ, ಕಾಯಿಲೆ ಬರುತ್ತದೆ ಅನ್ನುವಲ್ಲಿಗೆ ಕಾಯಿದೆಯ ಕಲ್ಪನೆ ಮುಟ್ಟಿತ್ತು. ಅವನಿಗೆ ಓದಬೇಕು ಅನ್ನಿಸುತ್ತದೆ ಅನ್ನುವಲ್ಲಿಗೆ ಇನ್ನೂ ಮುಟ್ಟಿರಲಿಲ್ಲ.

ಅದನ್ನು ಮುಟ್ಟಿಸಿದವರು ಅಂಬೇಡ್ಕರ್. 1924ರಲ್ಲಿ ಅವರು ಮುಂಬಯಿಯಲ್ಲಿ ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಉದ್ದೇಶಗಳಲ್ಲಿ ವಿದ್ಯಾರ್ಥಿ ನಿಲಯ ತೆರೆಯುವುದರ ಜೊತೆಗೇ ಗ್ರಂಥಾಲಯ ತೆರೆಯುವುದು, ಅಧ್ಯಯನ ಕೂಟ ನಡೆಸುವುದು ಅಂತ ಸ್ಪಷ್ಟವಾಗಿ ಇದೆ. ಬಡತನ ಹೋದ ಮೇಲೆ ಓದು ಅಂತ ಅವರು ಅನ್ನಲಿಲ್ಲ. ಎರಡೂ ಒಟ್ಟಿಗೇ ಅಂದರು. ಇಂದು ಕೇರಿಯಲ್ಲಿ ನಾಲ್ಕು ಪುಸ್ತಕ ಇಟ್ಟುಕೊಂಡು ಕೂರುವ ಯಾವ ಹುಡುಗ ಹುಡುಗಿಯೂ ಆ ಸಭೆಯ ಸದಸ್ಯರೇ ಅಂತ ನನ್ನ ಎಣಿಕೆ.

ಸಂವಿಧಾನ ಬಂತು. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ, ಸಾರ್ವಜನಿಕರು ಸೇರುವ ಜಾಗ ಎಲ್ಲದರ ಬಾಗಿಲು ತೆರೆಯಿತು. ಸಾರ್ವಜನಿಕರು ಸೇರುವ ಜಾಗ ಅನ್ನುವುದರಲ್ಲಿ ಗ್ರಂಥಾಲಯವೂ ಬಂತು ಅನ್ನಿ. ಮೊದಲನೆಯ ಬೀಗ ಕಾಯಿದೆಯಲ್ಲಿ ಒಡೆಯಿತು.

3

ಎರಡನೆಯದು ಹಣದ ಬೀಗ, ಪರಿಚಯದ ಬೀಗ.

ಮುಂಬಯಿ ಸರಕಾರ 1939ರಲ್ಲಿ ಎ.ಎ.ಎ. ಫೈಜಿ ಅವರ ಅಧ್ಯಕ್ಷತೆಯಲ್ಲಿ ಒಂದು ಗ್ರಂಥಾಲಯ ಸಮಿತಿ ಮಾಡಿತು. ರಾಜಧಾನಿಯಿಂದ ಹಿಡಿದು ಜಿಲ್ಲೆ, ತಾಲೂಕು, ಹಳ್ಳಿಯ ತನಕ ಮೆಟ್ಟಿಲು ಮೆಟ್ಟಿಲಾಗಿ ಗ್ರಂಥಾಲಯ ಇರಬೇಕು ಅಂತ ಆ ಸಮಿತಿ ಹೇಳಿತು. ದೊಡ್ಡ ಮಾತು. ಆದರೆ ಜಾರಿಗೆ ಬಂದ ದಾರಿ ನೋಡಿ: ಪೇಟೆಗಳಲ್ಲಿ ಮೊದಲೇ ಇದ್ದ ವಾಚನಾಲಯಗಳನ್ನು ಗುರುತಿಸಿ ಅವಕ್ಕೆ ಅನುದಾನ. ಆ ವಾಚನಾಲಯಗಳು ಯಾರವು? ವರ್ಗಣಿ ಕಟ್ಟಬಲ್ಲವರವು. ಅವರು ಪುಸ್ತಕ ಪ್ರೀತಿಯಿಂದಲೇ ಕಟ್ಟಿದರು, ಸುಳ್ಳಲ್ಲ. ಗೋಕರ್ಣದಲ್ಲಿ ಜಿ. ವೇದೇಶ್ವರ ಅವರು ಜೀವಮಾನವಿಡೀ ಪುಸ್ತಕ, ಪತ್ರಿಕೆ ಕೂಡಿಸಿ ಕಟ್ಟಿದ ಸ್ಟಡಿ ಸರ್ಕಲ್ ಗ್ರಂಥಾಲಯ ಒಬ್ಬ ಮನುಷ್ಯ ಏನು ಮಾಡಬಲ್ಲ ಅನ್ನುವುದಕ್ಕೆ ಸಾಕ್ಷಿ. ಆದರೆ ಒಬ್ಬರ ಪ್ರೀತಿ ಬೇರೆ, ಎಲ್ಲರ ಹಕ್ಕು ಬೇರೆ.

ಹಕ್ಕು ಬಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ. ಆಗ ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರು. ಆ ಹೊತ್ತಿಗೆ ಎಸ್.ಆರ್. ರಂಗನಾಥನ್ ಬೆಂಗಳೂರಿನಲ್ಲಿ ನೆಲೆಸಿದ್ದರು. ಪ್ರತಿ ಓದುಗನಿಗೂ ಅವನ ಪುಸ್ತಕ ಅನ್ನುವುದು 1931ರಲ್ಲೇ ಅವರು ಕೊಟ್ಟ ಸೂತ್ರ. ಕಾಯಿದೆ ಗ್ರಂಥಾಲಯಕ್ಕೆ ಹಣದ ದಾರಿಯನ್ನೂ ತೋರಿಸಿತು: ಮನೆ ಕಟ್ಟಡಗಳ ತೆರಿಗೆಯ ಮೇಲೆ ಗ್ರಂಥಾಲಯ ಕರ.

ಈ ಕರದ ವಿಷಯ ನಮ್ಮ ಜನಕ್ಕೆ ಗೊತ್ತಾಗಬೇಕು. ಮನೆಪಟ್ಟಿ ರಸೀದಿಯಲ್ಲಿ ಅದಕ್ಕೊಂದು ಸಾಲು ಇದೆ. ನನ್ನ ಅಜ್ಜಿ ಹೆಂಚಿನ ಸಣ್ಣ ಮನೆಗೆ ವರ್ಷ ವರ್ಷ ಮನೆಪಟ್ಟಿ ಕಟ್ಟಿದಳು. ಉಪ್ಪು ಹೊತ್ತ ದುಡ್ಡಿನಲ್ಲಿ ಕೆಲವು ಪೈಸೆ ಗ್ರಂಥಾಲಯಕ್ಕೆ ಹೋಯಿತು. ಗ್ರಂಥಾಲಯ ಯಾವ ದಿಕ್ಕಿಗಿದೆ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಹಾಗಾಗಿ ಗ್ರಂಥಾಲಯಕ್ಕೆ ಹೋಗುವ ಕೇರಿಯ ಮಗು ಯಾರ ದಾನಕ್ಕೂ ಕೈ ಚಾಚುತ್ತಿಲ್ಲ. ಅಜ್ಜಿ ಮುಂಗಡ ಕಟ್ಟಿಟ್ಟದ್ದನ್ನು ವಸೂಲಿ ಮಾಡುತ್ತಿದೆ.

ನಾನು ಪಿಯುಸಿಯಲ್ಲಿದ್ದಾಗ ಒಂದು ಲಾಯಬ್ರರಿಗೆ ಹೋದೆ. ಯಾವುದು ಅಂತ ಹೇಳುವುದಿಲ್ಲ. ಠೇವಣಿ ಇಡಬೇಕು, ಊರಿನಲ್ಲಿ ಪರಿಚಿತರೊಬ್ಬರ ಸಹಿ ಬೇಕು ಅಂದರು. ನನ್ನ ಜಾತಿ ಯಾರೂ ಕೇಳಲಿಲ್ಲ. "ಯಾರ ಪೈಕಿ?" ಅಂತ ಕೇಳಿದರು. ಅಷ್ಟು ಸಾಕಾಗಿತ್ತು. ನಮ್ಮ ಪೈಕಿಯಲ್ಲಿ ಸಹಿ ಮಾಡುವವರು ಯಾರಿದ್ದಾರೆ? ಹೆಬ್ಬೆಟ್ಟಿಗೆ ಜಾಮೀನು ಯಾರು? ಹೊರಗೆ ಬೆಂಚಿನ ಮೇಲೆ ಪೇಪರು ಓದಿ ಬಂದೆ. ಜಾತಿಯ ಬೀಗ ಒಡೆದ ಜಾಗದಲ್ಲೇ ಈ ಬೀಗ ಬಿದ್ದಿರುತ್ತದೆ. ನೋಡಿದರೆ ಬೀಗದ ಹಾಗೆ ಕಾಣುವುದಿಲ್ಲ, ನಿಯಮದ ಹಾಗೆ ಕಾಣುತ್ತದೆ.

ಮಕ್ಕಳ ಮಟ್ಟಿಗೆ ಈ ಎರಡನೇ ಬೀಗ ಒಡೆದದ್ದು ತೀರ ಈಚೆಗೆ. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿ, ರಜೆಗೆ ಕೊನೆಯೇ ಇಲ್ಲದಂತಾದಾಗ, ಆ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಬಂತು: 6ರಿಂದ 18 ವಯಸ್ಸಿನ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತ. ಆಮೇಲೆ ಇವಕ್ಕೆ 'ಅರಿವು ಕೇಂದ್ರ' ಅಂತ ಹೆಸರಾಯಿತು. ಧಾರವಾಡದ ಹುಡುಗನ ಅರ್ಜಿಯಿಂದ ಇಲ್ಲಿಯ ತನಕ 164 ವರ್ಷ. ಮೊಬೈಲಿಲ್ಲದ ಮನೆಯ ಮಗುವಿಗೆ ಆ ಕಾಲದಲ್ಲಿ ಪುಸ್ತಕ ಕೊಟ್ಟ ಗ್ರಂಥಾಲಯದ ಮೇಲ್ವಿಚಾರಕರನ್ನು, ಸಣ್ಣ ಗೌರವಧನಕ್ಕೆ ದುಡಿದವರನ್ನು, ನಾನು ಹೋರಾಟಗಾರರ ಸಾಲಿನಲ್ಲೇ ಲೆಕ್ಕ ಹಾಕುತ್ತೇನೆ.

4

ಪುಸ್ತಕದೊಳಗೆ ಏನಿದೆ ಅನ್ನುವ ಪ್ರಶ್ನೆಯೂ ಇದೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಗಲಾಟೆಯಾಯಿತು, ಹಾಸ್ಟೆಲುಗಳಲ್ಲಿದ್ದ ದಲಿತ ಹುಡುಗರಿಗೆ ಏಟು ಬಿತ್ತು, ಮಂತ್ರಿಗಿರಿ ಹೋಯಿತು. ಆದರೆ ಆ ಏಟಿನಿಂದಲೇ ಒಂದು ಚಳವಳಿ ಎದ್ದಿತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ದೇವನೂರ ಮಹಾದೇವ ಬರೆದರು. 'ಪಂಚಮ' ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಆ ಪುಸ್ತಕಗಳು ಓಡಾಡಿದ್ದು ಗ್ರಂಥಾಲಯದ ಕಪಾಟಿನಿಂದಲ್ಲ. ಹಾಸ್ಟೆಲಿನ ಟ್ರಂಕಿನಿಂದ ಟ್ರಂಕಿಗೆ. ರಜೆ ಬಂದಾಗ ಬಟ್ಟೆಯ ಗಂಟಿನಲ್ಲಿ ಊರಿಗೆ. ದಲಿತರ ನಿಜವಾದ ಸಮುದಾಯ ಗ್ರಂಥಾಲಯ ಆ ತಗಡಿನ ಟ್ರಂಕು.

ನಮ್ಮ ಕರಾವಳಿಯಲ್ಲಿ ಈ ದಾರಿ ಸವೆಸಿದವರಿದ್ದಾರೆ. ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷರಿಂದ ಗಡೀಪಾರಾದ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ದುಡಿಯುವ ಜನರ ಹಳ್ಳಿಗಳಿಗೆ ಹೈಸ್ಕೂಲು ತಂದರು. ಹೊನ್ನಾವರ ತಾಲೂಕಿನ ಕೆರೆಕೋಣದ ಮಾಸ್ತರು ಆರ್.ವಿ. ಭಂಡಾರಿ ಬಂಡಾಯದ ಮಾತನ್ನು ಮಕ್ಕಳ ನಾಟಕಕ್ಕೆ, ಮಕ್ಕಳ ಕತೆಗೆ ತಂದರು. ಮಕ್ಕಳ ಪುಸ್ತಕದಲ್ಲಿ ರಾಜಕುಮಾರ ಮಾತ್ರ ಇರಬೇಕಾಗಿಲ್ಲ, ದುಡಿಯುವವರ ಮಕ್ಕಳೂ ಇರಬಹುದು ಅನ್ನುವ ಧೈರ್ಯ ಅಂಥವರಿಂದ ಬಂತು.

ಇನ್ನೊಂದು ಸಾಲ ಬಾಕಿ ಇದೆ. ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ಇವರೆಲ್ಲ ಹಾಲಕ್ಕಿಗಳು ಮೊದಲಾದ ದುಡಿಯುವ ಜಾತಿಗಳ ಹಾಡು, ಕತೆಗಳನ್ನು ಊರೂರು ತಿರುಗಿ ಬರೆದುಕೊಂಡರು. ಅವರು ಬರೆಯದಿದ್ದರೆ ಎಷ್ಟೋ ಹಾಡು ಹೆಣದ ಜೊತೆ ಹೋಗುತ್ತಿತ್ತು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಅಕ್ಷರ ಕಲಿತವರಲ್ಲ. ಸಾವಿರಗಟ್ಟಲೆ ಸಾಲು ನಾಲಗೆಯ ಮೇಲಿತ್ತು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಒಂದು ಗ್ರಂಥಾಲಯವೇ ಮುಚ್ಚಿದ ಹಾಗಾಯಿತು. ನನ್ನ ಪ್ರಶ್ನೆ ಇಷ್ಟೇ: ಬಾಯಿಂದ ಕಾಗದಕ್ಕೆ ಹೋದ ಹಾಡು ಕಾಗದದಿಂದ ಮತ್ತೆ ಕೇರಿಗೆ ಬಂತೇ? ಹಾಡಿದವರ ಮೊಮ್ಮಕ್ಕಳು ಆ ಪುಸ್ತಕ ಕಣ್ಣಲ್ಲಿ ಕಂಡಿದ್ದಾರೆಯೇ? ಬೇಸಿಗೆ ಶಿಬಿರಕ್ಕೆ ಮೊದಲು ತರಬೇಕಾದ ಪುಸ್ತಕ ಅವು.

5

ಈಗ ಮೂರನೆಯ ಬೀಗ. ಅದು ಹೊತ್ತಿನ ಬೀಗ. ಇದನ್ನು ಯಾವ ಕಾಯಿದೆಯೂ ಒಡೆದಿಲ್ಲ. ಬದಲಿಗೆ ಒಂದು ಕಾಯಿದೆ ಇದನ್ನು ಗಟ್ಟಿ ಮಾಡಿದೆ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿ ಆಯಿತು. 14 ವರ್ಷದೊಳಗಿನ ಮಕ್ಕಳಿಂದ ಕೆಲಸ ಮಾಡಿಸುವಂತಿಲ್ಲ ಅಂತ ಮೊದಲು ಹೇಳಿ, ಆಮೇಲೆ ಒಂದು ಕಿಂಡಿ ಬಿಟ್ಟರು: ಅಪಾಯಕಾರಿಯಲ್ಲದ ಮನೆತನದ ಕಸುಬಿನಲ್ಲಿ ಶಾಲೆಯ ಹೊತ್ತಿನ ನಂತರ ಅಥವಾ ರಜೆಯಲ್ಲಿ ನೆರವಾಗಬಹುದು. ರಜೆಯಲ್ಲಿ! ಮನೆತನದ ಕಸುಬು ಅಂದರೆ ಈ ದೇಶದಲ್ಲಿ ಜಾತಿ ಅಂತಲೇ ಅರ್ಥ. ರಜೆ ಇರುವುದು ಜಾತಿಯ ಕೆಲಸಕ್ಕೆ ಅಂತ ಪಾರ್ಲಿಮೆಂಟೇ ಬರೆದುಕೊಟ್ಟ ಮೇಲೆ, ಅಜ್ಜಿ ಹೇಳಿದ್ದರಲ್ಲಿ ಏನು ತಪ್ಪು?

ನಮ್ಮ ತೀರದ ಬೇಸಿಗೆಯ ಕೆಲಸ ಎಣಿಸಿ ನೋಡಿ. ಆಗರದಲ್ಲಿ ಉಪ್ಪು. ಬೇಣದಲ್ಲಿ ಗೇರುಬೀಜ ಹೆಕ್ಕುವುದು, ಅದರ ದುಡ್ಡಿನಲ್ಲೇ ಜೂನಿನ ಪಟ್ಟಿ ಪುಸ್ತಕ. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಚಿಪ್ಪಿ ಬಳಚು ಆರಿಸುವುದು. ಮಳೆಗಾಲಕ್ಕೆ ಕಟ್ಟಿಗೆ ಒಟ್ಟುವುದು. ಹುಡುಗಿಯರಿಗೆ ಇದರ ಮೇಲೆ ನೀರು ಹೊರುವುದು, ಒಲೆ, ತಮ್ಮ ತಂಗಿಯರು. ಶಿಬಿರ ನಡೆಯುವುದು ಬೆಳಿಗ್ಗೆ ಹತ್ತರಿಂದ, ಪಂಚಾಯತಿ ಕಚೇರಿಯ ಹೊತ್ತಿಗೆ. ಆ ಹೊತ್ತಿಗೆ ಬಿಡುವಾಗಿರುವ ಮಗು ಯಾವುದು ಅಂತ ಕೇಳಿಕೊಂಡರೆ ಯಾವ ಜಾತಿಯ, ಯಾವ ವರ್ಗದ ಮಗುವಿಗಾಗಿ ಶಿಬಿರ ಇಟ್ಟಿದ್ದೇವೆ ಅನ್ನುವುದು ತಿಳಿಯುತ್ತದೆ.

ಮಕ್ಕಳು ದುಡಿಯಲಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಕೈ ಬೇಕಾಗದಷ್ಟು ಕೂಲಿ ದೊಡ್ಡವರಿಗೆ ಸಿಗಬೇಕು. ಅದು ನಮ್ಮ ಮುಖ್ಯ ಜಗಳ. ಆದರೆ ಆ ಜಗಳ ಗೆಲ್ಲುವ ತನಕ ಪುಸ್ತಕ ಕಾಯಬೇಕೇ?

ಅಮೆರಿಕದ ಗ್ರಂಥಾಲಯಗಳಲ್ಲಿ ಮಕ್ಕಳ ಓದಿನ ಕೂಟಗಳು 1890ರ ದಶಕದಲ್ಲೇ ಸುರುವಾದವು. ಬೇಸಿಗೆಯ ಓದು ಅಲ್ಲಿ ವಾಡಿಕೆಯಾಯಿತು. 1978ರಲ್ಲಿ ಬಾರ್ಬರಾ ಹೇನ್ಸ್ ಅನ್ನುವ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾ ನಗರದ ಮಕ್ಕಳ ಅಧ್ಯಯನ ಪ್ರಕಟಿಸಿದರು. ಶಾಲೆ ನಡೆಯುವಾಗ ಬಡವ ಬಲ್ಲಿದರ ಮಕ್ಕಳ ಕಲಿಕೆಯ ಅಂತರ ಹಿಡಿತದಲ್ಲಿರುತ್ತದೆ, ಬೇಸಿಗೆಯಲ್ಲಿ ಹಿಗ್ಗುತ್ತದೆ ಅಂತ ಅವರು ಕಂಡರು. ರಜೆಯಲ್ಲಿ ಪುಸ್ತಕ ಓದಿದ ಮಕ್ಕಳು ಮುಂದೆ ಬಂದರು, ಮನೆಗೆ ಹತ್ತಿರ ಗ್ರಂಥಾಲಯ ಇದ್ದವರು ಹೆಚ್ಚು ಓದಿದರು. ಅಂತರ ಎಷ್ಟು ಅನ್ನುವ ಬಗ್ಗೆ ಆಮೇಲಿನ ಪಂಡಿತರಲ್ಲಿ ವಾದ ಇದೆ. ಆದರೆ ಜೂನಿನಲ್ಲಿ ಪುಸ್ತಕ ಬಿಡಿಸಿದಾಗ ಅಕ್ಷರ ಅಪರಿಚಿತರಂತೆ ನೋಡುವುದನ್ನು ನಾನು ಅನುಭವಿಸಿದ್ದೇನೆ. ಹಳ್ಳಿಯ ಮಾಸ್ತರುಗಳೂ ನೋಡಿದ್ದಾರೆ.

ಆ ದೇಶದ ಗ್ರಂಥಾಲಯದ ಇನ್ನೊಂದು ಚರಿತ್ರೆಯೂ ಇದೆ. ಕುಮಟಾ ಬಂದರು ಮೆರೆದ ಕಾಲದಲ್ಲಿ ಅಲ್ಲಿ ಹತ್ತಿ ಬಿಡಿಸುತ್ತಿದ್ದ ಗುಲಾಮರ ಮರಿಮಕ್ಕಳಿಗೆ ನೂರು ವರ್ಷ ಕಳೆದರೂ ಗ್ರಂಥಾಲಯದ ಬಾಗಿಲು ತೆರೆದಿರಲಿಲ್ಲ. 1959ರಲ್ಲಿ ದಕ್ಷಿಣ ಕೆರೊಲಿನಾದ ಲೇಕ್ ಸಿಟಿಯಲ್ಲಿ ರೊನಾಲ್ಡ್ ಮೆಕ್‌ನೇರ್ ಅನ್ನುವ ಒಂಬತ್ತು ವರ್ಷದ ಕರಿಯ ಹುಡುಗ ಪುಸ್ತಕ ಕೊಡದೆ ಹೋಗುವುದಿಲ್ಲ ಅಂತ ಕೂತ. ಪೊಲೀಸರನ್ನು ಕರೆಸಿದರು. ಅವನು ಪುಸ್ತಕ ತೆಗೆದುಕೊಂಡೇ ಹೋದ. ಮುಂದೆ ಆಕಾಶಯಾನಿಯಾದ. ಅದೇ ಕಟ್ಟಡಕ್ಕೆ ಈಗ ಅವನ ಹೆಸರಿದೆ. 1961ರ ಮಾರ್ಚ್ 27ರಂದು ಮಿಸಿಸಿಪ್ಪಿಯ ಜಾಕ್ಸನ್ನಿನಲ್ಲಿ ಟೂಗಲೂ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳು ಬಿಳಿಯರ ಗ್ರಂಥಾಲಯಕ್ಕೆ ಹೋಗಿ ಸುಮ್ಮನೆ ಕೂತು ಓದಿದರು. ಓದಿದ್ದಕ್ಕೆ ಬಂಧನ. ಓದುವುದೇ ಸತ್ಯಾಗ್ರಹವಾದ ದಿನ ಅದು.

ಅವರು ಬಾಗಿಲಿಗಾಗಿ ಜಗಳವಾಡಿದರು. ನಮಗೆ ಈಗ ಬಾಗಿಲು ತೆರೆದಿದೆ, ಹೊತ್ತು ಮುಚ್ಚಿದೆ. ಹಾಗಾದರೆ ನಮ್ಮ ಜಗಳ ಹೊತ್ತಿಗಾಗಿ.

6

ಪುಸ್ತಕಕ್ಕೆ ಕಾಲಿದೆ. ಬರೋಡಾದ ಸಯಾಜಿರಾವ್ ಗಾಯಕವಾಡರ ರಾಜ್ಯದಲ್ಲಿ ಕಳೆದ ಶತಮಾನದ ಆರಂಭದಲ್ಲೇ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ಹಳ್ಳಿಗೆ ಹೋಗುತ್ತಿತ್ತು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿ ಸೀಮೆಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಊರೂರು ಸುತ್ತಿತು. ಮೈಸೂರಿನ ರಾಜೀವನಗರದಲ್ಲಿ ಕೂಲಿ ಕೆಲಸದ ಸೈಯದ್ ಇಸಾಕ್, ತನಗೆ ಓದು ಸಿಗಲಿಲ್ಲ ಅನ್ನುವ ಕಾರಣಕ್ಕೇ, ಸುಮಾರು 11,000 ಪುಸ್ತಕಗಳ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್ 9ರಂದು ಅದು ಬೆಂಕಿಯಲ್ಲಿ ಬೂದಿಯಾಯಿತು. ಅವರು ಮತ್ತೆ ಕಟ್ಟುತ್ತೇನೆ ಅಂದರು, ನಾಡು ನೆರವಿಗೆ ಬಂತು. ಅಕ್ಷರ ಸಿಗದವನಿಗೆ ಗ್ರಂಥಾಲಯದ ಬೆಲೆ ಎಷ್ಟು ಗೊತ್ತು ನೋಡಿ.

ಹಾಗಾಗಿ ಹಳ್ಳಿಯ ಮಾಸ್ತರೇ, ಅಕ್ಕೋರೇ, ಹಾಸ್ಟೆಲಿನಿಂದ ಊರಿಗೆ ಬರುವ ಗೆಳೆಯ ಗೆಳತಿಯರೇ, ಈ ಬೇಸಿಗೆಗೆ ಕೆಲವು ಮಾತು.

ಶಾಲೆಯ ಕಪಾಟಿನ ಪುಸ್ತಕಗಳು ರಜೆಯಲ್ಲಿ ಬೀಗದೊಳಗೆ ಕೂತಿರುತ್ತವೆ. ರಜೆಗೆ ಮೊದಲು ಅವನ್ನು ಪಟ್ಟಿ ಬರೆದು ಮಕ್ಕಳ ಕೈಗೆ ಕೊಡಿ. ಒಂದೆರಡು ಹರಿಯಬಹುದು, ಕಳೆಯಬಹುದು. ಗೆದ್ದಲು ತಿನ್ನುವುದಕ್ಕಿಂತ ಮಕ್ಕಳು ಹರಿಯುವುದು ಒಳ್ಳೆಯದು. ದಂಡ ಹಾಕಬೇಡಿ. ಹತ್ತು ರೂಪಾಯಿ ದಂಡಕ್ಕೆ ಹೆದರಿದ ತಾಯಿ ಮುಂದೆ ಪುಸ್ತಕವನ್ನೇ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಪಂಚಾಯತಿಗೆ ಅರ್ಜಿ ಕೊಡಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಗ್ರಂಥಾಲಯ ಕರದ ಮಾತೆತ್ತಿ. ಬೇಸಿಗೆಯ ಎರಡು ತಿಂಗಳು ಗ್ರಂಥಾಲಯ ಸಂಜೆಯೂ ತೆರೆದಿರಲಿ ಅಂತ ಕೇಳಿ, ಅದಕ್ಕೆ ಮೇಲ್ವಿಚಾರಕರಿಗೆ ಬೇರೆ ಸಂಬಳವೂ ಇರಲಿ ಅಂತ ಒಟ್ಟಿಗೇ ಕೇಳಿ. ಅವರ ಹೊಟ್ಟೆಯ ಮೇಲೆ ನಮ್ಮ ಓದು ನಡೆಯಬಾರದು. ಅದಾಗದಿದ್ದರೆ ನಲವತ್ತು ಪುಸ್ತಕ ಒಂದು ಚೀಲದಲ್ಲಿ ಕೇರಿಗೆ ಬರಲಿ.

ಹೊತ್ತು ಕೇರಿಯೇ ಹೇಳಲಿ. ಅಳಿವೆಯಲ್ಲಿ ಚಿಪ್ಪಿ ಆರಿಸುವವರಿಗೆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಲ್ಲಿ ಶಿಬಿರದ ವೇಳಾಪಟ್ಟಿ ಬರೆಯಬೇಕಾದದ್ದು ಗಡಿಯಾರ ನೋಡಿ ಅಲ್ಲ, ನೀರು ನೋಡಿ. ಆಗರದ ಊರಿನಲ್ಲಿ ದೀಪ ಹಚ್ಚಿದ ಮೇಲೆ. ಹುಡುಗಿಯರು ಸೊಂಟದ ಮೇಲಿನ ತಂಗಿಯ ಜೊತೆಗೇ ಬರಲಿ, ಅತ್ತರೆ ಅಳಲಿ.

ಓದು ಅಂದರೆ ಮೂಲೆಯಲ್ಲಿ ಒಬ್ಬರೇ ಕೂತು ಕಣ್ಣು ಓಡಿಸುವುದು ಮಾತ್ರ ಅಲ್ಲ. ಏಳನೇ ಕ್ಲಾಸಿನವಳು ಗಟ್ಟಿಯಾಗಿ ಓದಲಿ, ಕೇರಿ ಕೇಳಲಿ. ಅಜ್ಜಿ ಕತೆ ಹೇಳಲಿ, ಮಗು ಬರೆಯಲಿ, ಬರೆದದ್ದನ್ನು ಅಜ್ಜಿಗೇ ಓದಿ ತೋರಿಸಲಿ, ಅವಳು ತಿದ್ದಲಿ. ಕೂಲಿಯ ಚೀಟಿ, ರೇಶನ್ ಕಾರ್ಡು, ಉದ್ಯೋಗ ಖಾತರಿಯ ಹಾಜರಿ ಪುಸ್ತಕ, ಮನೆಪಟ್ಟಿ ರಸೀದಿ, ಇವನ್ನೂ ಶಿಬಿರದಲ್ಲಿ ಓದಿ. ತಮ್ಮ ಅಪ್ಪನ ಹಾಜರಿ ಎಣಿಸಿ ತಪ್ಪು ಹಿಡಿದ ಮಗುವಿಗೆ ಓದು ಯಾಕೆ ಬೇಕು ಅಂತ ಮತ್ತೆ ಹೇಳಿಕೊಡಬೇಕಾಗಿಲ್ಲ.

7

ಕಳೆದ ಬೇಸಿಗೆ ನಮ್ಮ ಕೇರಿಯಲ್ಲಿ ಹೀಗೆ ಕೂತೆವು. ದೊಡ್ಡ ಹೆಸರಿಲ್ಲ, ಬ್ಯಾನರಿಲ್ಲ. ಒಂದು ಜಗಲಿ, ಒಂದು ಬಲ್ಬು, ಒಂದು ಚೀಲ. ಕೆಲವು ದಿನ ಇಪ್ಪತ್ತು ಮಕ್ಕಳು, ಕೆಲವು ದಿನ ನಾಲ್ಕೇ. ಉಪ್ಪು ಹೊತ್ತು ಬಂದವು ಓದುತ್ತ ಓದುತ್ತ ಅಲ್ಲೇ ನಿದ್ದೆ ಹೋಗುತ್ತಿದ್ದವು. ನಿದ್ದೆ ಹೋದ ಮಗುವನ್ನು ನಾವು ಎಬ್ಬಿಸಲಿಲ್ಲ.

ಒಂದು ರಾತ್ರಿ ಅಂಬೇಡ್ಕರರ ಆ ಮಸೂರಿನ ಗಾಡಿಯ ಕತೆಯನ್ನು ಒಬ್ಬಳು ಹುಡುಗಿ ಕನ್ನಡದಲ್ಲಿ ಓದಿದಳು. ತಡೆದು ತಡೆದು ಓದಿದಳು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಈಗ ಅವಳಿಗೆ ಬುಟ್ಟಿ ಹೊರಲಾಗುವುದಿಲ್ಲ. ಅಂಗಾಲಿನ ಉಪ್ಪಿನ ಬಿರುಕು ಹಾಗೇ ಇದೆ. ಓದು ಮುಗಿಯುವ ಮುಂಚೆಯೇ ಕೇಳಿದಳು:

"ಆ ಮಕ್ಕಳಿಗೆ ಕಡೆಗಾದ್ರೂ ನೀರು ಸಿಕ್ತನೇ?"

ಹುಡುಗಿ ಪುಸ್ತಕ ನೋಡಿ, "ಇಲ್ಲ ಅಜ್ಜೀ, ಆ ರಾತ್ರಿ ಸಿಗಲಿಲ್ಲ. ಹಸಕೊಂಡೇ ಮಲಗಿದ್ರು" ಅಂದಳು.

ಅಜ್ಜಿ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದು, ಓದಿದ ಹುಡುಗಿಯ ಮುಂದಿಟ್ಟು, "ಕುಡಿ. ನಾಳೆ ಮುಂದಿಂದು ಓದು" ಅಂದಳು.

ಮಾರನೆಯ ಸಂಜೆ ಎಲ್ಲರಿಗಿಂತ ಮೊದಲು ಬಂದು ಜಗಲಿಯಲ್ಲಿ ಕೂತವಳು ಅವಳೇ.